ದನಕರುಗಳ ಉಸಿರಾಟದ ರೋಗಕ್ಕೆ ಲಸಿಕೆ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಕೆಮ್ಮು, ಸಿಂಬಳ, ನ್ಯುಮೋನಿಯಾ, ಲಸಿಕೆ ಹಾಕಿಸಿದ ಮೇಲೂ ಬಿಡದ ಜ್ವರ. ಈ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಕಾಲುಬಾಯಿ ರೋಗಕ್ಕೂ ಗಳಲೆ ರೋಗಕ್ಕೂ ತಪ್ಪದೆ ಲಸಿಕೆ ಹಾಕಿಸಿದ್ದೇವೆ. ಆದರೂ ಒಂದು ವಾರದೊಳಗೆ ಆರು ದನಗಳಿಗೆ ಕೆಮ್ಮು, ಜ್ವರ ಬಂತು, ಎರಡಕ್ಕೆ ನ್ಯುಮೋನಿಯಾ ಆಯಿತು. ಲಸಿಕೆ ಕೆಲಸ ಮಾಡಲಿಲ್ಲವೇ?

ಉತ್ತರ: ಆ ಎರಡು ಲಸಿಕೆಗಳನ್ನು ದೂರಬೇಡಿ. ಅವು ಈ ಕೆಮ್ಮಿಗೆ ಹಾಕುವ ಲಸಿಕೆಗಳೇ ಅಲ್ಲ. ಕಾಲುಬಾಯಿ ರೋಗದ ಲಸಿಕೆ ಆ ಒಂದು ವೈರಸ್ಸನ್ನು ಮಾತ್ರ ತಡೆಯುತ್ತದೆ. ಗಳಲೆ ರೋಗದ್ದು ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ. ಕೊಟ್ಟಿಗೆಯಲ್ಲಿ ಕೆಮ್ಮು ಹಬ್ಬಿಸುವ ವೈರಸ್‌ಗಳ ಗುಂಪೇ ಬೇರೆ.

ಅದರಲ್ಲಿ ಮೊದಲನೆಯದು ಐಬಿಆರ್, ಅಂದರೆ ದನಗಳ ಹರ್ಪಿಸ್ ವೈರಸ್. ಮೂಗಿನ ಒಳಗೆ ಕೆಂಪಾಗಿ ಉರಿಯೂತ, ಕಣ್ಣಲ್ಲಿ ನೀರು, ಜೋರು ಜ್ವರ ಇದರ ಗುರುತು. ಗಬ್ಬದ ಹಸು ಕಂದು ಹಾಕುವುದೂ ಇದೆ. ಎರಡನೆಯದು ಬಿಆರ್‌ಎಸ್‌ವಿ. ಇದು ದನಗಳ ಉಸಿರಾಟದ ಸಿನ್ಸಿಶಿಯಲ್ ವೈರಸ್, ಎಳೆಯ ದನಗಳಲ್ಲಿ ಬಹಳ ಕೆಟ್ಟದ್ದು. ಕರು ಕತ್ತು ಮುಂದೆ ಚಾಚಿ, ಬಾಯಿ ತೆರೆದು ಉಸಿರಾಡುತ್ತದೆ, ಕೆಲವೊಮ್ಮೆ ಚರ್ಮದಡಿ ಗಾಳಿ ಸೇರಿ ಒತ್ತಿದರೆ ಚರಚರ ಎನ್ನುತ್ತದೆ. ಮೂರನೆಯದು ಪಿಐ-3, ಅಂದರೆ ಪ್ಯಾರಾಇನ್ಫ್ಲುಯೆಂಜಾ ವೈರಸ್, ಒಂಟಿಯಾಗಿ ಬಂದರೆ ಸೌಮ್ಯ, ಬೇರೆಯವುಗಳಿಗೆ ದಾರಿ ಮಾಡಿಕೊಡುವುದರಲ್ಲಿ ಚುರುಕು. ಬಿವಿಡಿ ಹೆಸರಿಗೆ ಭೇದಿಯ ರೋಗವಾದರೂ ಬಿಳಿ ರಕ್ತಕಣಗಳಿಗೆ ಏಟು ಕೊಟ್ಟು ಇಡೀ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ ಉಸಿರಾಟದ ರೋಗದ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ. ದನಗಳ ಕೊರೊನಾ ವೈರಸ್ ಐದನೆಯದು, ಆದರೆ ಉಸಿರಾಟದ ಸಂಯುಕ್ತ ಲಸಿಕೆಗಳಲ್ಲಿ ಹೆಚ್ಚಿನವುಗಳಲ್ಲಿ ಅದರ ಅಂಶ ಇರುವುದಿಲ್ಲ. ಸಾಮಾನ್ಯವಾಗಿ ಸಿಗುವುದು ಮೊದಲ ನಾಲ್ಕರ ಲಸಿಕೆ, ಕೆಲವೊಮ್ಮೆ ಅವುಗಳಲ್ಲಿ ಎರಡು ಮೂರರದ್ದು ಮಾತ್ರ. ಬಾಟಲಿಯ ಚೀಟಿ ಓದದೆ ಅದರಲ್ಲಿ ಯಾವುದಿದೆ ಎಂದು ಊಹಿಸಬಾರದು.

ನಿಮ್ಮ ಎರಡು ದನಗಳಿಗೆ ನ್ಯುಮೋನಿಯಾ ಯಾಕೆ ಆಯಿತೆಂದರೆ, ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ಕಫ, ರೋಗಾಣುಗಳನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ವೈರಸ್ ಆ ಪದರವನ್ನು ಕೆಡಿಸಿಬಿಡುತ್ತದೆ. ಆಗ ಆರೋಗ್ಯವಂತ ದನದ ಗಂಟಲಲ್ಲೇ ತೆಪ್ಪಗಿದ್ದ ಮ್ಯಾನ್‌ಹೈಮಿಯಾ, ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಆ್ಯಂಟಿಬಯಾಟಿಕ್ ಕೊಲ್ಲುವುದು ಈ ಎರಡನೆಯ ಗುಂಪನ್ನು. ಮೊದಲು ಬಾಗಿಲು ಮುರಿದ ವೈರಸ್ಸಿನ ಮೇಲೆ ಅದು ನಡೆಯುವುದಿಲ್ಲ. ಅದಕ್ಕಿರುವ ಉಪಾಯ ಮುಂಚೆಯೇ ಹಾಕಿದ ಲಸಿಕೆ ಮತ್ತು ಒಳ್ಳೆಯ ಗಾಳಿ.

ಪ್ರಶ್ನೆ: ಜೀವಂತ ಲಸಿಕೆ ಒಳ್ಳೆಯದೋ, ನಿಷ್ಕ್ರಿಯ ಲಸಿಕೆಯೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಜೀವಂತ ಲಸಿಕೆಯಲ್ಲಿ ಶಕ್ತಿಗುಂದಿಸಿದ ವೈರಸ್ ಇರುತ್ತದೆ. ದನದ ಮೈಯಲ್ಲಿ ಅದು ಸ್ವಲ್ಪ ಮಟ್ಟಿಗೆ ಬೆಳೆದು ದೇಹಕ್ಕೆ ನಿಜವಾದ ಸೋಂಕಿನ ಪಾಠ ಕಲಿಸುತ್ತದೆ. ಅದಕ್ಕೇ ರಕ್ಷಣೆ ಬೇಗ ಹುಟ್ಟುತ್ತದೆ, ಹೆಚ್ಚು ಕಡೆಯಿಂದ ಹುಟ್ಟುತ್ತದೆ. ದೌರ್ಬಲ್ಯವೂ ಅಲ್ಲೇ ಇದೆ: ಅದು ಜೀವಂತವಾಗಿ ದನದ ಮೈ ಸೇರಬೇಕು. ಬಿಸಿಲು, ಶಾಖ, ಸೋಪು, ಸ್ಪಿರಿಟ್ ಯಾವುದು ತಗುಲಿದರೂ ಸಾಯುತ್ತದೆ, ಸತ್ತರೆ ಆ ಚುಚ್ಚುಮದ್ದು ವ್ಯರ್ಥ. ಗಬ್ಬದ ದನಗಳಿಗೆ ಹಾಕಲು ಬೇರೆ ನಿರ್ಬಂಧಗಳೂ ಇವೆ, ಕೆಳಗೆ ಬರೆದಿದ್ದೇವೆ.

ನಿಷ್ಕ್ರಿಯ ಲಸಿಕೆಯಲ್ಲಿ ವೈರಸ್ ಸತ್ತಿರುತ್ತದೆ, ಬೆಳೆಯುವುದಿಲ್ಲ. ಅದರ ಜೊತೆಗೆ ಪ್ರತಿಕ್ರಿಯೆ ಹೆಚ್ಚಿಸುವ ಅಡ್ಜುವಂಟ್ ಎಂಬ ಪದಾರ್ಥ ಸೇರಿಸಿರುತ್ತಾರೆ. ಗಬ್ಬದ ದನಗಳಿಗೆ ಇದು ಹೆಚ್ಚು ಸುರಕ್ಷಿತ. ಆದರೆ ಮೊದಲ ಡೋಸ್ ದೇಹಕ್ಕೆ ವೈರಸ್ಸಿನ ಪರಿಚಯ ಮಾಡಿಕೊಡುತ್ತದೆ, ಅಷ್ಟೇ. ನಿಜವಾದ ರಕ್ಷಣೆ ಕಟ್ಟುವುದು 3ರಿಂದ 4 ವಾರ ಬಿಟ್ಟು ಹಾಕುವ ಎರಡನೆಯ ಡೋಸ್. ಎರಡನೆಯದನ್ನು ಹಾಕಿಸದೆ ಮೊದಲನೆಯದಕ್ಕೆ ಖರ್ಚು ಮಾಡುವುದು ಬುನಾದಿ ಹಾಕಿ ಗೋಡೆ ಎಬ್ಬಿಸದೆ ಬಿಟ್ಟ ಹಾಗೆ. ಹಿಂಡುಗಳಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು ಇದೇ.

ನಮ್ಮ ಅಭಿಪ್ರಾಯ ಕೇಳಿದರೆ: ಗಬ್ಬವಾಗದ ಮಣಕಗಳಿಗೆ, ಹಾಲು ಬಿಡಿಸುವ ವಯಸ್ಸಿನ ಕರುಗಳಿಗೆ, ಕೊನೆಯ ದನಕ್ಕೆ ಚುಚ್ಚುವವರೆಗೂ ಲಸಿಕೆಯನ್ನು ತಂಪಾಗಿಯೇ ಕಾಯಬಲ್ಲವರಿಗೆ ಜೀವಂತ ಲಸಿಕೆ. ಹಿಂದಿನ ಲಸಿಕೆಯ ದಾಖಲೆ ಇಲ್ಲದ ಗಬ್ಬದ ಹಸುಗಳಿಗೆ ನಿಷ್ಕ್ರಿಯ ಲಸಿಕೆ, ಎರಡು ಡೋಸ್. ಎರಡೂ ಬಗೆಗೆ ಮರು ಡೋಸ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಕೆಲವಕ್ಕೆ ಆರು ತಿಂಗಳಿಗೊಮ್ಮೆ. ಅವಧಿಯನ್ನು ಆಯಾ ಲಸಿಕೆಯ ಚೀಟಿಯೇ ಹೇಳುತ್ತದೆ.

ಪ್ರಶ್ನೆ: ಮೂರು ವಾರದ ಕರುಗಳಿಗೆ ಲಸಿಕೆ ಹಾಕಿಸಿದೆ. ಎರಡು ತಿಂಗಳಾಗುವಷ್ಟರಲ್ಲಿ ಅವಕ್ಕೇ ಕೆಮ್ಮು ಹಿಡಿಯಿತು. ಎಳೆಗರುಗಳಿಗೆ ಲಸಿಕೆ ಹಾಕಿ ಪ್ರಯೋಜನವಿದೆಯೇ?

ಉತ್ತರ: ಇದೆ, ಆದರೆ ಯಾವ ದಾರಿಯಲ್ಲಿ ಹಾಕಿದಿರಿ ಎಂಬುದು ಮುಖ್ಯ. ಕರು ಗಿಣ್ಣುಹಾಲು ಕುಡಿದಾಗ ತಾಯಿಯ ಪ್ರತಿಕಾಯಗಳು ಅದರ ರಕ್ತ ಸೇರುತ್ತವೆ. ಮೊದಲ ತಿಂಗಳುಗಳಲ್ಲಿ ಕರುವನ್ನು ಕಾಯುವುದು ಅವೇ. ಆದರೆ ಅವು ರೋಗದ ವೈರಸ್ ಯಾವುದು, ಲಸಿಕೆಯ ವೈರಸ್ ಯಾವುದು ಎಂದು ನೋಡುವುದಿಲ್ಲ. ಚರ್ಮದಡಿಯೋ ಮಾಂಸಖಂಡಕ್ಕೋ ಹಾಕಿದ ಲಸಿಕೆಯನ್ನು ಹಿಡಿದು ನಿಷ್ಫಲ ಮಾಡಿಬಿಡುತ್ತವೆ. ಈ ಅಡ್ಡಿ ವೈರಸ್ಸಿಗೊಂದು ರೀತಿ, ಕರುವಿಗೊಂದು ರೀತಿ ಇರುತ್ತದೆ. ಕೆಲವಲ್ಲಿ ಎರಡು ತಿಂಗಳಿಗೆ ಕರಗಿದರೆ ಕೆಲವಲ್ಲಿ ಆರು ತಿಂಗಳವರೆಗೂ ಉಳಿಯುತ್ತದೆ. ತಾಯಿಯ ರಕ್ಷಣೆ ರೋಗ ತಡೆಯಲಾರದಷ್ಟು ಕುಸಿದಿದ್ದರೂ ಲಸಿಕೆಯನ್ನು ತಡೆಯುವಷ್ಟು ಉಳಿದಿರುವ ಕೆಲವು ವಾರಗಳಿರುತ್ತವೆ. ನಿಮ್ಮ ಕರುಗಳು ಬಿದ್ದದ್ದು ಬಹುಶಃ ಆ ಹೊತ್ತಿನಲ್ಲೇ.

ಈ ವಯಸ್ಸಿಗೆ ಮೂಗಿಗೆ ಹಾಕುವ ಲಸಿಕೆ ಹೆಚ್ಚು ಹೊಂದುತ್ತದೆ. ಅದು ಮೂಗಿನ ಒಳಪದರದಲ್ಲೇ ರಕ್ಷಣೆ ಹುಟ್ಟಿಸುತ್ತದೆ. ರಕ್ತದಲ್ಲಿರುವ ತಾಯಿಯ ಪ್ರತಿಕಾಯಗಳ ಅಡ್ಡಿ ಅಲ್ಲಿ ಕಡಿಮೆ. ಮೊದಲ ಒಂದೆರಡು ವಾರದ ಕರುವಿಗೂ ಹಾಕಬಹುದಾದ ಲಸಿಕೆಗಳಿವೆ. ಡೋಸ್ ಸಾಮಾನ್ಯವಾಗಿ 2 ಮಿ.ಲೀ., ಕೆಲವನ್ನು ಒಂದೇ ಹೊಳ್ಳೆಗೆ, ಕೆಲವನ್ನು ಎರಡಕ್ಕೂ ಹಂಚಿ ಹಾಕಬೇಕು. ಒಬ್ಬರು ಕರುವಿನ ತಲೆಯನ್ನು ದವಡೆಯ ಕೆಳಗಿಂದ ಹಿಡಿದು ಮೂಗು ಸ್ವಲ್ಪ ಮೇಲಕ್ಕೆತ್ತಿ, ಕರು ಉಸಿರು ಒಳಗೆಳೆಯುವಾಗ ಪಿಚಕಾರಿ ಒತ್ತಿ. ಹೊರಗೆ ಬಿಡುವಾಗ ಒತ್ತಿದರೆ ಲಸಿಕೆ ನಿಮ್ಮ ಕೈಗೇ ಸೀನಿ ಬರುತ್ತದೆ. ನಾಲ್ಕು ಹನಿ ಮೂಗಿನಿಂದ ಇಳಿದರೆ ಚಿಂತೆಯಿಲ್ಲ, ಪೂರ್ತಿ ಹೊರಬಿದ್ದರೆ ಮತ್ತೆ ಹಾಕಿ. ಕರುವಿಗೊಂದು ಹೊಸ ತುದಿ ಬಳಸಿ, ಇಲ್ಲದಿದ್ದರೆ ಒಂದರ ಸಿಂಬಳ ಇನ್ನೊಂದಕ್ಕೆ ಹೋಗುತ್ತದೆ. ಈ ರಕ್ಷಣೆ ಕೆಲವು ದಿನಗಳಲ್ಲೇ ಶುರುವಾಗುತ್ತದೆ, ಆದರೆ ಬಹುಕಾಲ ಬಾಳುವುದಿಲ್ಲ, ಸುಮಾರು ಮೂರು ತಿಂಗಳು ಅಂದುಕೊಳ್ಳಿ. ಅದಕ್ಕೇ ಹಾಲು ಬಿಡಿಸುವ ಮುಂಚೆ ಚುಚ್ಚುಮದ್ದಿನ ಲಸಿಕೆ ಹಾಕಿಸಿ, ಆರು ತಿಂಗಳು ತುಂಬಿದ ಮೇಲೆ ಇನ್ನೊಂದು ಡೋಸ್ ಕೊಡಿಸಿ. ಆರು ತಿಂಗಳೊಳಗೆ ಹಾಕಿದ್ದನ್ನು ಕೊನೆಯ ಡೋಸ್ ಎಂದು ಎಣಿಸಬೇಡಿ.

ಇನ್ನು ಗಿಣ್ಣುಹಾಲಿನ ಮಾತು. 35–40 ಕಿಲೋ ತೂಕದ ಕರುವಿಗೆ ಹುಟ್ಟಿದ ಎರಡು ಗಂಟೆಯೊಳಗೆ, ತಡವಾದರೆ ಆರು ಗಂಟೆಯೊಳಗೆ, 3.5ರಿಂದ 4 ಲೀಟರ್ ಗಿಣ್ಣುಹಾಲು ಹೊಟ್ಟೆ ಸೇರಬೇಕು. 12 ಗಂಟೆಯೊಳಗೆ ಇನ್ನೆರಡು ಲೀಟರ್. ಗಂಟೆ ಗಂಟೆಗೂ ಕರುಳು ಪ್ರತಿಕಾಯ ಹೀರುವ ಶಕ್ತಿ ಕಳೆದುಕೊಳ್ಳುತ್ತದೆ, 24 ಗಂಟೆಗೆ ಬಾಗಿಲು ಮುಚ್ಚಿತೆಂದೇ ಲೆಕ್ಕ. ಗಿಣ್ಣಿನ ಗಟ್ಟಿತನ ಅಳೆಯುವ ಬ್ರಿಕ್ಸ್ ಮಾಪಕ ಇದ್ದವರು ಒಂದು ಹನಿ ಹಾಕಿ ನೋಡಿ, 22ಕ್ಕೆ ಮೇಲಿದ್ದರೆ ಒಳ್ಳೆಯ ಗಿಣ್ಣು. ತಾಯಿಗೂ ಲಸಿಕೆ ಹಾಕಿಸಿದ್ದರೆ ಗಿಣ್ಣಿನಲ್ಲಿ ಈ ರೋಗಗಳ ಪ್ರತಿಕಾಯ ಹೆಚ್ಚಿರುತ್ತದೆ. ಪ್ರತಿಕಾಯ ಕೆಚ್ಚಲಿಗೆ ಇಳಿಯುವುದು ಈಯುವ ಮುಂಚಿನ ಕೊನೆಯ ನಾಲ್ಕೈದು ವಾರಗಳಲ್ಲಿ. ಆದ್ದರಿಂದ ಎರಡನೆಯ ಡೋಸ್ ಈಯುವುದಕ್ಕೆ ಸುಮಾರು ಐದಾರು ವಾರ ಮುಂಚೆ ಬೀಳುವಂತೆ ದಿನ ಎಣಿಸಿ. ಈಯುವ ಹಿಂದಿನ ವಾರ ಹಾಕಿಸಿದರೆ ಆ ಕರುವಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಪ್ರಶ್ನೆ: ಹೊಸದಾಗಿ ಕೊಂಡು ತಂದ ಹತ್ತು ಕರುಗಳಿಗೆ ಲಾರಿಯಿಂದ ಇಳಿಸಿದ ದಿನವೇ ಲಸಿಕೆ ಹಾಕಿಸಿದೆ. ಐದನೇ ದಿನ ನಾಲ್ಕಕ್ಕೆ ಜ್ವರ. ಲಸಿಕೆಯಿಂದಲೇ ರೋಗ ಬಂತೆಂದು ಮನೆಯವರು ಹೇಳುತ್ತಿದ್ದಾರೆ.

ಉತ್ತರ: ಬಹುಪಾಲು ಸಂದರ್ಭಗಳಲ್ಲಿ ರೋಗ ಲಾರಿಯಲ್ಲೇ ಹತ್ತಿರುತ್ತದೆ. ಐಬಿಆರ್ ಸೋಂಕು ತಗುಲಿ ಲಕ್ಷಣ ತೋರಲು 2ರಿಂದ 6 ದಿನ ಸಾಕು. ಬೇರೆ ಬೇರೆ ಹಿಂಡಿನ ಕರುಗಳನ್ನು ಒಂದೇ ಗಾಡಿಯಲ್ಲಿ ತುಂಬಿದಾಗ ಒಂದರ ಉಸಿರು ಒಂಬತ್ತಕ್ಕೆ ತಾಗುತ್ತದೆ. ಲಸಿಕೆಗೆ ಒಂದೆರಡು ವಾರ ಬೇಕು, ವೈರಸ್ಸಿಗೆ ಅಷ್ಟು ಬೇಡ. ಓಟದಲ್ಲಿ ಲಸಿಕೆ ಹಿಂದೆ ಬಿದ್ದಿತು.

ಸರಿಯಾದ ಕ್ರಮ ಏನೆಂದರೆ, ಕರುಗಳು ಮಾರಾಟವಾಗುವ ಮುಂಚೆಯೇ, ಅವು ಹುಟ್ಟಿದ ಕೊಟ್ಟಿಗೆಯಲ್ಲಿ, ಪ್ರಯಾಣಕ್ಕೆ ಕನಿಷ್ಠ ಎರಡು ಮೂರು ವಾರ ಮೊದಲು ಲಸಿಕೆ ಬಿದ್ದಿರಬೇಕು. ಎರಡು ಡೋಸಿನದಾದರೆ ಎರಡನೆಯದು ಆ ಹೊತ್ತಿಗೆ ಮುಗಿದಿರಬೇಕು. ಕೊಳ್ಳುವಾಗ ದಿನಾಂಕ ಮತ್ತು ಲಸಿಕೆಯ ಹೆಸರು ಬರೆದ ಚೀಟಿ ಕೇಳಿ. ಬಾಯಿಮಾತಿನ ‘ಎಲ್ಲ ಹಾಕಿಸಿದೆ’ ಸಾಲದು. ದಾಖಲೆ ಇಲ್ಲದ ಕರುಗಳನ್ನು ತಂದರೆ ಒಂದೆರಡು ದಿನ ನೀರು, ಮೇವು, ಒಣ ಹಾಸು ಕೊಟ್ಟು ದಣಿವು ಆರಲು ಬಿಡಿ. ಬೆಳಿಗ್ಗೆ ಜ್ವರ ನೋಡಿ. ದನದ ಸಹಜ ಉಷ್ಣತೆ 38ರಿಂದ 39.3 ಡಿಗ್ರಿ ಸೆಲ್ಸಿಯಸ್. ಅದರೊಳಗಿದ್ದು, ಚೆನ್ನಾಗಿ ತಿನ್ನುತ್ತಿದ್ದರೆ ಹಾಕಿಸಿ. 39.5 ದಾಟಿದ್ದನ್ನು ವೈದ್ಯರಿಗೆ ತೋರಿಸಿ, ಲಸಿಕೆ ಆಮೇಲೆ. ಹಳೆಯ ಹಿಂಡಿನಿಂದ ಮೂರು ನಾಲ್ಕು ವಾರ ಬೇರೆಯೇ ಇಡಿ. ಬೇರೆ ಎಂದರೆ ಬೇರೆ ಗಾಳಿ, ಬೇರೆ ಬಕೆಟ್ಟು, ಮೇವು ಹಾಕುವಾಗ ಕೊನೆಯ ಸರದಿ. ನಡುವೆ ಒಂದು ಹಗ್ಗ ಕಟ್ಟಿದರೆ ಬೇರೆ ಇಟ್ಟ ಹಾಗಾಗುವುದಿಲ್ಲ.

ಇದೇ ಕಾರಣಕ್ಕೆ ಕೊಂಬು ಸುಡುವುದು, ಬೀಜ ಒಡೆಯುವುದು, ಹಾಲು ಬಿಡಿಸುವುದು, ಲಸಿಕೆ, ಎಲ್ಲವನ್ನೂ ‘ಹೇಗೂ ಹಿಡಿದಿದ್ದೇವೆ’ ಎಂದು ಒಂದೇ ದಿನ ಮಾಡಬೇಡಿ. ನೋವು, ಭಯದಲ್ಲಿ ದೇಹ ಬಿಡುಗಡೆ ಮಾಡುವ ಕಾರ್ಟಿಸಾಲ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಇಂಜೆಕ್ಷನ್ ಮಾಡುವುದೂ ಅದನ್ನೇ. ಇತ್ತೀಚೆಗೆ ಅದನ್ನು ಕೊಡಿಸಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ನಾಲ್ಕು ತಿಂಗಳ ಗಬ್ಬದ ಹಸುಗಳಿಗೆ ಐಬಿಆರ್, ಬಿವಿಡಿ ಲಸಿಕೆ ಹಾಕಿಸಬಹುದೇ? ಕಂದು ಹಾಕುತ್ತವೆ ಎಂಬ ಭಯವಿದೆ.

ಉತ್ತರ: ನಿಷ್ಕ್ರಿಯ ಲಸಿಕೆಯಾದರೆ, ಗಬ್ಬದಲ್ಲಿ ಬಳಸಬಹುದು ಎಂದು ಚೀಟಿಯಲ್ಲಿ ಇದ್ದರೆ, ಹಾಕಿಸಿ. ಜೀವಂತ ಲಸಿಕೆಯ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ. ಹಿಂದೆಂದೂ ಲಸಿಕೆ ಕಾಣದ ಗಬ್ಬದ ಹಸುವಿಗೆ ಚುಚ್ಚುವ ಜೀವಂತ ಐಬಿಆರ್ ಲಸಿಕೆಯಿಂದ ಕರು ಸಾಯಬಹುದು. ಕೆಲವು ಜೀವಂತ ಲಸಿಕೆಗಳನ್ನು ಗಬ್ಬದಲ್ಲೂ ಹಾಕಲು ಅನುಮತಿ ಇದೆ. ಆದರೆ ಗಬ್ಬ ಕಟ್ಟುವ ಮುಂಚೆ ಅದೇ ಲಸಿಕೆ, ಚೀಟಿ ಹೇಳಿದ ಅವಧಿಯೊಳಗೆ, ಹಾಕಿಸಿದ್ದ ಹಸುಗಳಿಗೆ ಮಾತ್ರ. ದಾಖಲೆ ಇಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿಯಿರಿ.

ಮಣಕಗಳಿಗೆ ಜೀವಂತ ಲಸಿಕೆ ಹಾಕಿಸುವುದಾದರೆ ಬೆದೆಗೆ ಕೊಡಿಸುವುದಕ್ಕೆ ಕನಿಷ್ಠ 30 ದಿನ ಮುಂಚೆ ಮುಗಿಸಿ, 45–60 ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಲಸಿಕೆಯ ಐಬಿಆರ್ ವೈರಸ್ ಅಂಡಾಶಯದಲ್ಲಿ ತಾತ್ಕಾಲಿಕ ಉರಿಯೂತ ಮಾಡಿ ಗಬ್ಬ ಉಳಿಸಿಕೊಡುವ ಹಳದಿ ಗಂಟನ್ನು ಕೆಡಿಸಬಲ್ಲದು. ಬೆದೆಯ ಸಮಯದಲ್ಲೇ ಹಾಕಿಸಿದರೆ ಆ ಸಲದ ಗಬ್ಬ ನಿಲ್ಲದೆ ಹೋಗಬಹುದು.

ಪ್ರಶ್ನೆ: ಲಸಿಕೆಯನ್ನು ತರುವುದರಿಂದ ಚುಚ್ಚುವವರೆಗೆ ಏನೇನು ಎಚ್ಚರ ಬೇಕು? ಎಲ್ಲಿ ಕೆಡುತ್ತದೆ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಲಸಿಕೆ ಸೋಲುವುದು ಬಹಳ ಸಲ ಇಲ್ಲೇ, ಮತ್ತು ಸೋತದ್ದು ಯಾರಿಗೂ ಕಾಣುವುದಿಲ್ಲ. ಕೆಟ್ಟ ಲಸಿಕೆಯೂ ನೋಡಲು ಸರಿಯಾದ ಲಸಿಕೆಯಂತೆಯೇ ಇರುತ್ತದೆ.

ಇಡಬೇಕಾದ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬಿಸಿಯಾಗುತ್ತದೆ. ಹಿಂಗೋಡೆಗೆ ಅಥವಾ ಮಂಜುಗಡ್ಡೆಯ ಪೆಟ್ಟಿಗೆಗೆ ಒತ್ತಿಯೂ ಇಡಬೇಡಿ, ಹೆಪ್ಪುಗಟ್ಟುತ್ತದೆ. ನಡುವಿನ ತಟ್ಟೆಯೇ ಸರಿ. ಪಕ್ಕದಲ್ಲಿ ಕನಿಷ್ಠ–ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ದಿನಕ್ಕೊಮ್ಮೆ ನೋಡಿ. ರಾತ್ರಿ ಕರೆಂಟು ಹೋಗಿ ಬಂದದ್ದನ್ನು ಅದು ಹೇಳುತ್ತದೆ. ಬಿಸಿಗಿಂತ ಹೆಪ್ಪುಗಟ್ಟುವುದನ್ನು ಜನ ಹಗುರವಾಗಿ ನೋಡುತ್ತಾರೆ. ನಿಷ್ಕ್ರಿಯ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಅಡ್ಜುವಂಟ್ ಒಡೆದು ಬೇರೆಯಾಗುತ್ತದೆ, ಕರಗಿದ ಮೇಲೂ ಮೊದಲಿನಂತಾಗುವುದಿಲ್ಲ. ಶಕ್ತಿ ಹೋಗುತ್ತದೆ, ಚುಚ್ಚಿದ ಜಾಗದಲ್ಲಿ ಗಂಟೂ ಹೆಚ್ಚಾಗಬಹುದು. ಅಂಥದ್ದನ್ನು ಬಳಸಬೇಡಿ.

ಕೊಟ್ಟಿಗೆಗೆ ಒಯ್ಯುವಾಗ ಐಸ್‌ಪ್ಯಾಕ್ ಇರುವ ಡಬ್ಬಿ ಬೇಕು. ಬಾಟಲಿಗೂ ಐಸ್‌ಗೂ ನಡುವೆ ಬಟ್ಟೆಯೋ ಪೇಪರೋ ಇರಲಿ. ಒಂದು ದನ ಮುಗಿದು ಇನ್ನೊಂದು ಸಿಗುವವರೆಗೆ ತುಂಬಿದ ಸಿರಿಂಜನ್ನೂ ಅದರೊಳಗೇ ಇಡಿ. ಗೋಡೆಯ ಮೇಲೆ ಬಿಸಿಲಿಗೆ ಇಟ್ಟ ಸಿರಿಂಜಿನಲ್ಲಿ ಜೀವಂತ ವೈರಸ್ ನಿಮಿಷಗಳ ಲೆಕ್ಕದಲ್ಲಿ ಸಾಯತೊಡಗುತ್ತದೆ.

ಜೀವಂತ ಲಸಿಕೆ ಎರಡು ಬಾಟಲಿಗಳಲ್ಲಿ ಬರುತ್ತದೆ: ಒಂದರಲ್ಲಿ ಒಣ ಬಿಲ್ಲೆ, ಇನ್ನೊಂದರಲ್ಲಿ ಅದಕ್ಕೆಂದೇ ಕೊಟ್ಟ ದ್ರಾವಕ. ಎರಡು ಬಾಯಿಯ ವರ್ಗಾವಣೆ ಸೂಜಿಯನ್ನು ಮೊದಲು ದ್ರಾವಕದ ಬಾಟಲಿಗೆ, ಆಮೇಲೆ ಬಿಲ್ಲೆಯ ಬಾಟಲಿಗೆ ಚುಚ್ಚಿ. ಒಳಗಿನ ನಿರ್ವಾತವೇ ದ್ರಾವಕವನ್ನು ಎಳೆದುಕೊಳ್ಳುತ್ತದೆ. ಎಳೆಯದಿದ್ದರೆ ಮುಚ್ಚಳ ಸೋರಿದೆ ಎಂದರ್ಥ, ಆ ಬಾಟಲಿ ಪಕ್ಕಕ್ಕಿಡಿ. ಕುಲುಕಬೇಡಿ, ಮೆಲ್ಲಗೆ ತಿರುಗಿಸಿ ಕರಗಿಸಿ. ಬೇರೆ ಕಂಪನಿಯ ದ್ರಾವಕ, ಬಟ್ಟಿ ಇಳಿಸಿದ ನೀರು, ಸಲೈನ್ ಯಾವುದೂ ಬದಲಿಯಲ್ಲ. ಕರಗಿಸಿದ್ದು ಒಂದು ಗಂಟೆಯೊಳಗೆ ಮುಗಿಯಬೇಕು. 50 ಡೋಸಿನ ಬಾಟಲಿ ಒಡೆದು ಮಧ್ಯಾಹ್ನದವರೆಗೆ ಚುಚ್ಚುವುದಕ್ಕಿಂತ 10 ಡೋಸಿನ ಐದು ಬಾಟಲಿಗಳನ್ನು ಒಂದಾದ ಮೇಲೊಂದು ಕರಗಿಸುವುದು ಮೇಲು. ನಿಷ್ಕ್ರಿಯ ಲಸಿಕೆಯನ್ನು ಮಾತ್ರ ಪ್ರತಿ ಸಲ ತುಂಬುವ ಮುಂಚೆ ಚೆನ್ನಾಗಿ ಅಲುಗಿಸಿ, ತಳದಲ್ಲಿ ಕೂತದ್ದು ಮೇಲೇಳಲಿ.

ಸಿರಿಂಜಿನ ಒಳಭಾಗಕ್ಕೆ ಸ್ಪಿರಿಟ್, ಡೆಟ್ಟಾಲ್, ಸೋಪು ಸೋಕಿಸಬೇಡಿ. ಅದರ ಲವಲೇಶ ಉಳಿದರೂ ಜೀವಂತ ವೈರಸ್ ಸಾಯುತ್ತದೆ. ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ಕುದಿಸಿ, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಲಸಿಕೆ ತುಂಬಿದರೂ ಅದೇ ಗತಿ. ಜೀವಂತ ಲಸಿಕೆಗೆ ಒಂದು, ನಿಷ್ಕ್ರಿಯಕ್ಕೆ ಒಂದು ಸಿರಿಂಜು ಬೇರೆ ಇರಲಿ, ಬಣ್ಣದ ಟೇಪು ಸುತ್ತಿ ಗುರುತು ಮಾಡಿ. ಎರಡು ಲಸಿಕೆಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸುವುದಂತೂ ಬೇಡವೇ ಬೇಡ.

ಚುಚ್ಚುವ ಜಾಗ ಕತ್ತಿನ ಪಕ್ಕ, ಭುಜದ ಮುಂದಿನ ತ್ರಿಕೋನ. ಮೇಲೆ ಕತ್ತಿನ ನಾರು, ಕೆಳಗೆ ಕತ್ತಿನ ಮೂಳೆ, ಹಿಂದೆ ಭುಜ, ಇವುಗಳ ನಡುವೆ. ತೊಡೆಗೂ ಪಿರ್ರೆಗೂ ಹಾಕಬೇಡಿ, ಅಲ್ಲಿ ನರ ಇದೆ, ಬಾವು ಬಂದರೆ ಕುಂಟುತ್ತದೆ. ಚೀಟಿಯಲ್ಲಿ ಎರಡೂ ದಾರಿಗೆ ಅನುಮತಿ ಇದ್ದರೆ ಚರ್ಮದಡಿಯೇ ಆರಿಸಿ. ಚರ್ಮವನ್ನು ಡೇರೆಯಂತೆ ಎತ್ತಿ, 16 ಅಥವಾ 18 ಗೇಜಿನ, ಅರ್ಧದಿಂದ ಮುಕ್ಕಾಲು ಇಂಚಿನ ಸೂಜಿಯನ್ನು ಬುಡದಲ್ಲಿ ಓರೆಯಾಗಿ ಸೇರಿಸಿ. ಉದ್ದ ಸೂಜಿಯಾದರೆ ಎತ್ತಿದ ಚರ್ಮದ ಆಚೆ ಹೊರಬಂದು ಲಸಿಕೆ ಕೂದಲಿಗೆ ಬೀಳುತ್ತದೆ. ಮಾಂಸಖಂಡಕ್ಕೇ ಹಾಕಬೇಕಾದದ್ದಕ್ಕೆ ದೊಡ್ಡ ದನಕ್ಕೆ ಒಂದರಿಂದ ಒಂದೂವರೆ ಇಂಚಿನದು ಬೇಕು. ಒಂದೇ ದಿನ ಎರಡು ಲಸಿಕೆ ಇದ್ದರೆ ಕತ್ತಿನ ಎರಡು ಬದಿಗೆ ಹಾಕಿ, ಒಂದೇ ಬದಿಯಾದರೆ ನಾಲ್ಕು ಬೆರಳಿನಷ್ಟಾದರೂ ದೂರವಿರಲಿ.

ಸಾಧ್ಯವಾದರೆ ದನಕ್ಕೊಂದು ಸೂಜಿ. ಹಿಂಡು ದೊಡ್ಡದಾಗಿ ಅದು ಆಗದಿದ್ದರೆ 10–15 ದನಗಳಿಗಾದರೂ ಬದಲಿಸಿ, ಬಾಗಿದ, ಮೊಂಡಾದ, ನೆಲಕ್ಕೆ ಬಿದ್ದ ಸೂಜಿಯನ್ನು ತಕ್ಷಣ ಬಿಸಾಡಿ. ಬಾಗಿದ್ದನ್ನು ನೆಟ್ಟಗೆ ಮಾಡಿ ಬಳಸಿದರೆ ಮುಂದಿನ ದನದ ಕತ್ತಿನಲ್ಲೇ ಮುರಿಯುತ್ತದೆ. ದನಕ್ಕೆ ಚುಚ್ಚಿದ ಸೂಜಿಯನ್ನು ಮತ್ತೆ ಬಾಟಲಿಗೆ ಹಾಕಬಾರದು. ಬಾಟಲಿಯ ರಬ್ಬರಿನಲ್ಲಿ ತುಂಬಲೆಂದೇ ಒಂದು ಶುದ್ಧ ಸೂಜಿಯನ್ನು ನೆಟ್ಟು ಬಿಡಿ. ಮಣ್ಣು, ಸಗಣಿ ಮೆತ್ತಿದ, ಮಳೆಗೆ ನೆನೆದ ಚರ್ಮದ ಮೇಲೆ ಚುಚ್ಚಬೇಡಿ. ಮತ್ತು ಬೆಳಗಿನ ತಂಪಿನಲ್ಲೇ ಮುಗಿಸಿ. ಬಿಸಿಲಲ್ಲಿ ಓಡಿಸಿ ಏದುಸಿರು ಬಿಡುವ ದನಕ್ಕೆ ಲಸಿಕೆಯ ಜ್ವರವೂ ಸೇರಿದರೆ ತಡೆಯುವುದು ಕಷ್ಟ.

ಪ್ರಶ್ನೆ: ಲಸಿಕೆ ಹಾಕಿದ ಹತ್ತು ನಿಮಿಷಕ್ಕೆ ಒಂದು ಹಸು ನಡುಗಿ, ಜೊಲ್ಲು ಸುರಿಸಿ ಕುಸಿಯಿತು. ಮುಂದೆ ಹೀಗಾದರೆ ಏನು ಮಾಡಬೇಕು?

ಉತ್ತರ: ಅದು ತೀವ್ರ ಅಲರ್ಜಿ. ಅಪರೂಪ, ಆದರೆ ಬಂದಾಗ ನಿಮಿಷಗಳೇ ಲೆಕ್ಕ. ಕಣ್ಣಿನ ರೆಪ್ಪೆ, ಯೋನಿದ್ವಾರ ಊದುವುದು, ಮೈಮೇಲೆ ದದ್ದು, ಉಬ್ಬಸ, ತೂರಾಟ ಇವೂ ಅದರ ಲಕ್ಷಣಗಳು. ಇದಕ್ಕೆ ಮದ್ದು ಅಡ್ರಿನಾಲಿನ್. ಮಿ.ಲೀ.ಗೆ 1 ಮಿ.ಗ್ರಾಂ ಇರುವುದಾದರೆ 50 ಕಿಲೋ ತೂಕಕ್ಕೆ ಸುಮಾರು 1 ಮಿ.ಲೀ., ಅಂದರೆ 400 ಕಿಲೋ ಹಸುವಿಗೆ 8 ಮಿ.ಲೀ., ಮಾಂಸಖಂಡಕ್ಕೆ. ಪ್ರಮಾಣವನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಂಡು ಲಸಿಕೆಯ ಡಬ್ಬಿಯಲ್ಲೇ ಮದ್ದಿನ ಜೊತೆ ಇಡಿ. ಬಿದ್ದ ಮೇಲೆ ಹುಡುಕಲು ಹೋದರೆ ಸಮಯ ಸಾಲದು. ಲಸಿಕೆ ಮುಗಿದ ಮೇಲೆ ಅರ್ಧ ಗಂಟೆಯಾದರೂ ಹಿಂಡನ್ನು ನೋಡುತ್ತ ಅಲ್ಲೇ ಇರಿ. ಆ ಹಸುವಿನ ಹೆಸರಿನ ಮುಂದೆ ಲಸಿಕೆಯ ಹೆಸರು, ಬ್ಯಾಚ್ ನಂಬರು ಬರೆದಿಟ್ಟು, ಮುಂದಿನ ಸಲ ವೈದ್ಯರನ್ನು ಕೇಳದೆ ಅದಕ್ಕೆ ಅದೇ ಲಸಿಕೆ ಹಾಕಿಸಬೇಡಿ.

ಒಂದೆರಡು ದಿನದ ಸಣ್ಣ ಜ್ವರ, ಮೇವು ಕಡಿಮೆ, ಹಾಲು ಸ್ವಲ್ಪ ಇಳಿಯುವುದು, ಚುಚ್ಚಿದಲ್ಲಿ ಗಟ್ಟಿ ಗಂಟು, ಇವು ಬೇರೆ, ತಾವಾಗಿ ಇಳಿಯುತ್ತವೆ. ಗಂಟು ಬಿಸಿಯಾಗಿ, ಮೆತ್ತಗಾಗಿ ಬೆಳೆಯುತ್ತ ಹೋದರೆ ಕೀವಾಗಿದೆ, ಕಾರಣ ಹೆಚ್ಚಾಗಿ ಕೊಳಕು ಸೂಜಿ. ಒಂದೇ ದಿನ ಹಲವು ಬ್ಯಾಕ್ಟೀರಿಯಾ ಲಸಿಕೆಗಳನ್ನು ವೈರಸ್ ಲಸಿಕೆಯ ಜೊತೆ ಪೇರಿಸಿದರೂ ಜ್ವರ, ಹಾಲಿನ ಇಳಿತ ಹೆಚ್ಚುತ್ತದೆ, ಅವುಗಳಲ್ಲಿರುವ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ಒಟ್ಟುಗೂಡುತ್ತದೆ. ಅಂಥ ಲಸಿಕೆಗಳು ಒಂದು ದಿನಕ್ಕೆ ಎರಡನ್ನು ಮೀರದಿರಲಿ.

ನಿಮ್ಮ ಕೈಗೇ ಚುಚ್ಚಿಕೊಂಡರೆ, ಅದರಲ್ಲೂ ಎಣ್ಣೆ ಇರುವ ಲಸಿಕೆಯಾದರೆ, ನೋವು ಕಡಿಮೆ ಎಂದು ಸುಮ್ಮನಿರಬೇಡಿ. ಬೆರಳಿಗೆ ರಕ್ತ ಸಂಚಾರ ನಿಂತುಹೋಗುವಷ್ಟು ಬಾವು ಬರಬಹುದು. ಚೀಟಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎರಡು ವರ್ಷದಿಂದ ಇಡೀ ಹಿಂಡಿಗೆ ಬಿವಿಡಿ ಲಸಿಕೆ ಹಾಕಿಸುತ್ತಿದ್ದರೂ ಕರುಗಳಿಗೆ ನ್ಯುಮೋನಿಯಾ ನಿಂತಿಲ್ಲ. ಒಂದು ಕಡಸು ಬೆಳವಣಿಗೆಯಿಲ್ಲದೆ ಕುಳ್ಳಾಗಿಯೇ ಉಳಿದಿದೆ.

ಉತ್ತರ: ಮೊದಲು ಆ ಕಡಸಿನ ಕಿವಿಯ ಚೂರನ್ನು ಪರೀಕ್ಷೆಗೆ ಕಳಿಸಿ. ತಾಯಿಗೆ ಗಬ್ಬದ ಸುಮಾರು 40ರಿಂದ 125ನೇ ದಿನದೊಳಗೆ ಬಿವಿಡಿ ತಗುಲಿದರೆ, ಹೊಟ್ಟೆಯ ಕರು ಆ ವೈರಸ್ಸನ್ನು ತನ್ನದೇ ಮೈಯ ಭಾಗವೆಂದು ಒಪ್ಪಿಬಿಡುತ್ತದೆ. ಹುಟ್ಟಿದ ಮೇಲೆ ಬದುಕಿರುವಷ್ಟು ಕಾಲ ಸಿಂಬಳ, ಜೊಲ್ಲು, ಸಗಣಿ, ಮೂತ್ರದಲ್ಲಿ ವೈರಸ್ ಸುರಿಸುತ್ತದೆ. ಇಂಥದ್ದಕ್ಕೆ ಎಷ್ಟು ಲಸಿಕೆ ಹಾಕಿದರೂ ವಾಸಿಯಾಗುವುದಿಲ್ಲ. ಅದು ಪಕ್ಕದಲ್ಲಿ ನಿಂತಿರುವಾಗ ಉಳಿದವುಗಳ ಲಸಿಕೆಯ ಮೇಲೆ ಪ್ರತಿದಿನ ದಾಳಿ ನಡೆಯುತ್ತಿರುತ್ತದೆ. ಎಲ್ಲವೂ ಕುಳ್ಳಾಗಿರುವುದಿಲ್ಲ, ಕೆಲವು ನೋಡಲು ಪುಷ್ಟಿಯಾಗಿಯೇ ಇರುತ್ತವೆ. ಹಾಗಾಗಿ ಕಣ್ಣಂದಾಜು ಸಾಲದು, ಎಲ್ಲ ಕರುಗಳನ್ನೂ ಪರೀಕ್ಷಿಸಬೇಕು.

ಫಲಿತಾಂಶ ಪಾಸಿಟಿವ್ ಬಂದರೆ ಬೇರೆ ಕಟ್ಟಿ, ಮೂರು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ನೋಡಿ. ತಾತ್ಕಾಲಿಕ ಸೋಂಕಾದರೆ ಅಷ್ಟರಲ್ಲಿ ಹೋಗಿರುತ್ತದೆ. ಎರಡನೆಯ ಸಲವೂ ಪಾಸಿಟಿವ್ ಆದರೆ ಆ ದನವನ್ನು ಹಿಂಡಿನೊಳಗೆ ಇಟ್ಟುಕೊಳ್ಳಬಾರದು, ಇನ್ನೊಬ್ಬರಿಗೆ ಮಾರಿ ಅವರ ಹಿಂಡಿಗೆ ರೋಗ ಸಾಗಿಸಲೂ ಬಾರದು. ಮುಂದೇನೆಂದು ಪಶುವೈದ್ಯರ ಜೊತೆ ತೀರ್ಮಾನಿಸಿ. ಅದರ ತಾಯಿಯನ್ನೂ ಪರೀಕ್ಷಿಸಿ, ಇಂಥ ತಾಯಿಗೆ ಹುಟ್ಟುವ ಕರುಗಳೆಲ್ಲ ಹೀಗೇ ಇರುತ್ತವೆ. ಗಬ್ಬದ ಹಸು ಕೊಂಡರೆ ಹೊಟ್ಟೆಯಲ್ಲಿರುವ ಕರುವನ್ನೂ ಕೊಂಡ ಹಾಗೆ. ಹುಟ್ಟಿದ ಕೂಡಲೆ ಅದರ ಕಿವಿಚೂರು ಕಳಿಸಿ.

ಪ್ರಶ್ನೆ: ಲಸಿಕೆ ಹಾಕಿಸಿದ ಮೇಲೆ ರಕ್ತಪರೀಕ್ಷೆಯಲ್ಲಿ ಐಬಿಆರ್ ಪಾಸಿಟಿವ್ ಬಂದಿದೆ. ರೋಗವಿದೆಯೇ?

ಉತ್ತರ: ಸಾಧಾರಣ ಲಸಿಕೆ ಹಾಕಿಸಿದ್ದರೆ ಈ ಪರೀಕ್ಷೆಯಿಂದ ಹೇಳಲಾಗದು, ಲಸಿಕೆಯ ಪ್ರತಿಕಾಯವೂ ರೋಗದ ಪ್ರತಿಕಾಯವೂ ಒಂದೇ ರೀತಿ ಕಾಣುತ್ತವೆ. ಇದನ್ನು ಬಿಡಿಸಲೆಂದೇ ಮಾರ್ಕರ್ ಲಸಿಕೆ ಬಂದಿದೆ. ಅದರ ವೈರಸ್ಸಿನಲ್ಲಿ ‘ಜಿಇ’ ಎಂಬ ಪ್ರೋಟೀನ್ ತೆಗೆದಿರುತ್ತಾರೆ. ರಕ್ತದಲ್ಲಿ ಜಿಇ ಪ್ರತಿಕಾಯ ಇದ್ದರೆ ನಿಜವಾದ ಸೋಂಕು, ಇಲ್ಲದಿದ್ದರೆ ಬರೀ ಲಸಿಕೆ. ಐಬಿಆರ್ ಒಮ್ಮೆ ಹೊಕ್ಕರೆ ನರಗಂಟಿನಲ್ಲಿ ಜೀವಮಾನವಿಡೀ ಅಡಗಿರುತ್ತದೆ, ಈದಾಗ, ಸಾಗಣೆಯಾದಾಗ, ಸ್ಟೀರಾಯ್ಡ್ ಕೊಟ್ಟಾಗ ಮತ್ತೆ ಏಳುತ್ತದೆ. ಲಸಿಕೆ ಅದನ್ನು ಹೊರಗೋಡಿಸುವುದಿಲ್ಲ, ಹರಡುವುದನ್ನು ತಗ್ಗಿಸುತ್ತದೆ. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್‌ಗಳು ಸೋಂಕಿತ ದನಗಳನ್ನು ಪರೀಕ್ಷೆಯಿಂದ ಗುರುತಿಸಿ ಹಿಂಡಿನಿಂದ ತೆಗೆದೇ ಐಬಿಆರ್ ಮುಕ್ತವಾದವು. ವೀರ್ಯ ಸಂಗ್ರಹಕ್ಕೆ ಕೊಡುವ ಹೋರಿ, ಬೇರೆ ದೇಶಕ್ಕೆ ಕಳಿಸುವ ದನ ಇದ್ದರೆ ಐಬಿಆರ್ ಲಸಿಕೆ ಹಾಕಿಸುವ ಮುಂಚೆಯೇ ನಿಯಮ ವಿಚಾರಿಸಿ. ಒಮ್ಮೆ ಹಾಕಿಸಿದ್ದನ್ನು ಹಿಂದಕ್ಕೆ ತೆಗೆಯಲಾಗದು.

ಚುಟುಕಾಗಿ ಕೇಳಿದ ಕೆಲವು:

ಪ್ರಶ್ನೆ: ಸಣ್ಣ ಕರುವಿಗೆ ಅರ್ಧ ಡೋಸ್ ಸಾಕೇ?

ಉತ್ತರ: ಸಾಲದು. ಲಸಿಕೆಯ ಪ್ರಮಾಣ ತೂಕದ ಮೇಲೆ ಹೋಗುವುದಿಲ್ಲ. ಅರ್ಧ ಹಾಕಿದರೆ ಅರ್ಧ ರಕ್ಷಣೆ ಬರುವುದಿಲ್ಲ, ರಕ್ಷಣೆಯೇ ಬಾರದಿರಬಹುದು.

ಪ್ರಶ್ನೆ: ಎರಡನೆಯ ಡೋಸ್ ಮರೆತು ಮೂರು ತಿಂಗಳಾಯಿತು.

ಉತ್ತರ: ಒಂದೆರಡು ವಾರ ತಡವಾಗಿದ್ದರೆ ಕೂಡಲೆ ಹಾಕಿಸಿ ಎನ್ನುತ್ತಿದ್ದೆವು. ಮೂರು ತಿಂಗಳಾಗಿದ್ದರೆ ಮೊದಲಿನಿಂದ ಎರಡೂ ಡೋಸ್ ಹಾಕಿಸಿ.

ಪ್ರಶ್ನೆ: ಲಸಿಕೆ ಪೂರ್ತಿ ಆಗಿದೆ, ಆದರೂ ಚಳಿಗಾಲದಲ್ಲಿ ಕರುಗಳಿಗೆ ಕೆಮ್ಮು. ಚಳಿ ತಾಗದಿರಲೆಂದು ಕೊಟ್ಟಿಗೆಯನ್ನು ಸುತ್ತಲೂ ಮುಚ್ಚಿದ್ದೇವೆ.

ಉತ್ತರ: ಮುಚ್ಚಿದ್ದೇ ಕಾರಣ. ಒಣ ಹುಲ್ಲಿನ ದಪ್ಪ ಹಾಸು ಇದ್ದು, ಹೊಟ್ಟೆ ತುಂಬಿದ್ದರೆ ಕರು ಚಳಿ ತಡೆಯುತ್ತದೆ, ಮೂತ್ರದ ಅಮೋನಿಯಾ ತುಂಬಿದ ಗಾಳಿಯನ್ನು ತಡೆಯುವುದಿಲ್ಲ. ಕರುವಿನ ಮೂಗಿನ ಮಟ್ಟಕ್ಕೆ ಐದು ನಿಮಿಷ ಕೂತು ನೋಡಿ. ಕಣ್ಣು ಉರಿದರೆ, ಮೊಣಕಾಲು ಹಾಸಿನಲ್ಲಿ ಒದ್ದೆಯಾದರೆ, ಗೋಡೆಯ ಮೇಲ್ಭಾಗ ತೆರೆಯಿರಿ, ಹಾಸು ಬದಲಿಸಿ. ಗಾಳಿ ಮೈಮೇಲೆ ನೇರ ಹೊಡೆಯದೆ ತಲೆಯ ಮೇಲಿಂದ ಹಾದು ಹೋಗಬೇಕು.

ಪ್ರಶ್ನೆ: ಲಸಿಕೆ ಹಾಕಿದ ಹಸುವಿನ ಹಾಲು ಬಳಸಬಹುದೇ?

ಉತ್ತರ: ಈ ಲಸಿಕೆಗಳಲ್ಲಿ ಹೆಚ್ಚಿನವಕ್ಕೆ ಹಾಲು ತಡೆಯುವ ಅವಧಿ ಇಲ್ಲ. ಮಾಂಸಕ್ಕೆ ಕೆಲವದಕ್ಕೆ 21 ದಿನ ಎಂದು ಇರುತ್ತದೆ. ನೀವು ಬಳಸಿದ್ದರ ಚೀಟಿಯಲ್ಲಿರುವುದೇ ಲೆಕ್ಕ.

ಪ್ರಶ್ನೆ: ಬಾಟಲಿಯಲ್ಲಿ ಉಳಿದ ಲಸಿಕೆಯನ್ನು ಮರುದಿನ ಹಾಕಬಹುದೇ?

ಉತ್ತರ: ಕರಗಿಸಿದ ಜೀವಂತ ಲಸಿಕೆಯನ್ನು ಬೇಡ, ಫ್ರಿಜ್ಜಿನಲ್ಲಿಟ್ಟರೂ ಬೇಡ. ನಿಷ್ಕ್ರಿಯದ್ದು ತೆರೆದ ಮೇಲೆ ಎಷ್ಟು ಹೊತ್ತು ಬಾಳುತ್ತದೆಂದು ಚೀಟಿಯಲ್ಲಿದೆ. ಉಳಿದದ್ದನ್ನೂ ಖಾಲಿ ಬಾಟಲಿಗಳನ್ನೂ ಕುದಿಸಿ ಅಥವಾ ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿ ಎಸೆಯಿರಿ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಪಶು ಆಸ್ಪತ್ರೆಗೆ ಒಪ್ಪಿಸಿ. ಎಸೆಯುವ ಮುಂಚೆ ಬಾಟಲಿಯ ಮೇಲಿನ ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಿ.